ಚಪ್ಪಾಳೆ ಸೇರಿಸಿದ ಹಳೇ ಹಾಡುಗಳಲ್ಲ
"ಜೋಡಿ ಲೈವ್ ಆಲ್ಬಮ್ ಅಂದರೆ ಹಳೇ ಹಾಡಿಗೆ ಚಪ್ಪಾಳೆ ಸೇರಿಸಿ ಮತ್ತೆ ಮಾರುವುದು" ಅಂತ ಬರೆದಿದ್ದೀರಿ. ಖಂಡಿತ ಒಪ್ಪಲಾರೆ ಸರ್. ಸ್ಪೇನ್‌ನ ರಾಕ್ ಗಾಯಕ ಮಿಗೆಲ್ ರಿಯೋಸ್ 1982ರ ಮಾರ್ಚ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ಜನರ ಮುಂದೆ ಹಾಡಿ ಧ್ವನಿಮುದ್ರಿಸಿದ, ಎರಡು ತಟ್ಟೆಗಳ ಲೈವ್ ಆಲ್ಬಮ್ 'ರಾಕ್ ಅಂಡ್ ರಿಯೋಸ್' ಒಮ್ಮೆ ಪೂರ್ತಿ ಕೇಳಿ. ಅದರಲ್ಲಿ ಅವರು ತಮ್ಮ ಹಾಡುಗಳಿಗಷ್ಟೇ ನಿಲ್ಲಲಿಲ್ಲ. ಸ್ಪೇನ್‌ನದೇ ಲೆನ್ಯೊ, ಬರ್ನಿಂಗ್ ರಾಕ್ ತಂಡಗಳ ಹಾಡು, ಅರ್ಜೆಂಟೀನಾದಿಂದ ಬಂದ ಗಾಯಕ ಮೋರಿಸ್ ಅವರ ಹಾಡು, ಎಲ್ಲವನ್ನೂ ಒಂದೇ ಮಾಲೆಯಲ್ಲಿ ಪೋಣಿಸಿ ಹಾಡಿದರು. ಬೇರೆಯವರ ಹಾಡನ್ನು ತನ್ನ ವೇದಿಕೆಯಲ್ಲಿ ಹಾಡುವುದು ದೊಡ್ಡ ಮನಸ್ಸು. ಆಗ ಸ್ಪೇನ್‌ನ ಸರ್ವಾಧಿಕಾರಿ ಫ್ರಾಂಕೊ ಸತ್ತು ಏಳು ವರ್ಷವೂ ಆಗಿರಲಿಲ್ಲ, ಹಿಂದಿನ ವರ್ಷವಷ್ಟೇ ಸೇನಾ ದಂಗೆಯ ಯತ್ನ ನಡೆದಿತ್ತು. ಅಂಥ ಹೊತ್ತಿನಲ್ಲಿ ಆ ಜನಸ್ತೋಮ ಒಟ್ಟಿಗೆ ದನಿಗೂಡಿಸುವುದನ್ನು ಯಾವ ಸ್ಟುಡಿಯೋ ಹಿಡಿದೀತು? ಇದಕ್ಕೆ ಎರಡು ಎಲ್‌ಪಿ (ಗ್ರಾಮಫೋನ್ ತಟ್ಟೆ) ಬೇಕೇ ಬೇಕಿತ್ತು.