ಮೊದಲು ಮಾನಿಟರ್ ನೋಡಿ, ಆಮೇಲೆ ಗ್ರಾಫಿಕ್ಸ್ ಕಾರ್ಡ್, ಮಾರಾಯ್ರೆ!

ಮುಂಬೈಯ ಕಂಪ್ಯೂಟರ್ ಬಜಾರು ಲ್ಯಾಮಿಂಗ್ಟನ್ ರೋಡಿನಲ್ಲಿ ಇವತ್ತು ಮತ್ತೆ ಅದೇ ನಾಟಕ. ಕಾಲೇಜು ಹುಡುಗ, ಪಕ್ಕದಲ್ಲಿ ಪಾಪದ ಅಪ್ಪ, ಕೌಂಟರಿನವನ ಹಳೇ ಮಂತ್ರ: "ಭಾವ್ ಬಢನೇವಾಲಾ ಹೈ, ಆಜ್ ಹೀ ಲೇ ಲೋ." ಬೆಲೆ ಏರಲಿದೆ, ಇವತ್ತೇ ತಗೊಳ್ಳಿ ಅಂತ. ಹುಡುಗನ ಬಳಿ ಆಗಲೇ ಇರುವುದು ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 12 ಜಿಬಿ ಮೆಮೊರಿಯದ್ದು. ಮಾನಿಟರ್ 1080ಪಿ, 60 ಹರ್ಟ್ಸ್. ಅವನಿಗೆ ದಾಟಿಸುತ್ತಿದ್ದದ್ದು 8 ಜಿಬಿಯ 5060! ವೇಗ ಹೆಚ್ಚು, ಒಪ್ಪಿದೆ. ಆದರೆ ಆ ಮಾನಿಟರ್ ಸೆಕೆಂಡಿಗೆ 60 ಫ್ರೇಮ್‌ಗಿಂತ ಒಂದನ್ನೂ ಹೆಚ್ಚು ತೋರಿಸುವುದಿಲ್ಲ. ಉಳಿದ ಫ್ರೇಮುಗಳನ್ನು ಉಪ್ಪಿನಕಾಯಿ ಹಾಕುವುದಾ?

"ಯಾವಾಗ ತಗೊಳ್ಳಲಿ? ದೀಪಾವಳಿ ಆಫರಿಗಾ, ಮುಂದಿನ ಸೀರೀಸ್ ಬಂದ ಮೇಲಾ?" ಇನ್‌ಬಾಕ್ಸಿನಲ್ಲಿ ಇದೇ ಪ್ರಶ್ನೆ. ಉತ್ತರ ನಿಮ್ಮ ಮೆಷಿನ್ನಿನಲ್ಲೇ ಉಂಟು, ಕ್ಯಾಲೆಂಡರಿನಲ್ಲಿ ಅಲ್ಲ.

ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿ, ಜೊತೆಗೇ ಬರುವ ರಿವಾಟ್ಯೂನರ್ ಕೂಡ. ಸ್ಕ್ರೀನಿನ ಮೂಲೆಯಲ್ಲಿ ಜಿಪಿಯು (ಕಾರ್ಡಿನ ಮುಖ್ಯ ಚಿಪ್) ಬಳಕೆ, ವಿರ್ಯಾಮ್ (ಕಾರ್ಡಿನದ್ದೇ ಮೆಮೊರಿ), ಪ್ರೊಸೆಸರಿನ ಒಂದೊಂದು ಕೋರ್ ಬೇರೆ ಬೇರೆಯಾಗಿ ಕಾಣಲಿ. ಒಟ್ಟು ಸರಾಸರಿ ನಂಬಬೇಡಿ, ಎಂಟು ಕೋರಿನ ಸರಾಸರಿ ಶೇಕಡಾ 40 ಇದ್ದಾಗಲೂ ಒಂದು ಕೋರ್ ಏದುಸಿರು ಬಿಡುತ್ತಿರಬಹುದು. ವಿ-ಸಿಂಕ್ (ಫ್ರೇಮುಗಳನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್), ಎಫ್‌ಪಿಎಸ್ (ಸೆಕೆಂಡಿಗೆ ಫ್ರೇಮ್) ಮಿತಿ ಎರಡನ್ನೂ ತೆಗೆದು ಅರ್ಧ ಗಂಟೆ ಆಡಿ. ಜಿಪಿಯು ಶೇಕಡಾ 95ಕ್ಕಿಂತ ಮೇಲಿದ್ದೂ ಎಫ್‌ಪಿಎಸ್ ಸಾಲದಿದ್ದರೆ ಕಾರ್ಡೇ ಸೋತದ್ದು. ಜಿಪಿಯು 60-70ರಲ್ಲಿ ಆರಾಮಾಗಿ ಕೂತಿದ್ದು ಒಂದು ಕೋರ್ 100 ಮುಟ್ಟಿದ್ದರೆ ತೊಂದರೆ ಪ್ರೊಸೆಸರಿನದ್ದು. ಅನುಮಾನವಿದ್ದರೆ ರೆಸಲ್ಯೂಷನ್ 720ಪಿಗೆ ಇಳಿಸಿ. ಎಫ್‌ಪಿಎಸ್ ಆಗಲೂ ಏರಲಿಲ್ಲವಾ? ಹಾಗಾದರೆ ಎಷ್ಟು ದುಬಾರಿ ಕಾರ್ಡ್ ತಂದರೂ ಅಷ್ಟೇ.

ಖರ್ಚಿಲ್ಲದ, ಇಲ್ಲವೇ ಸಣ್ಣ ಖರ್ಚಿನ ಕೆಲಸಗಳನ್ನಾದರೂ ಮೊದಲು ಮಾಡಿ. ರ್ಯಾಮ್ ಒಂದೇ ಸ್ಟಿಕ್ ಉಂಟಾ? ಜೋಡಿಯಿದ್ದರೆ ವೇಗ ಹೆಚ್ಚು. ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ್ಯಾಮನ್ನು ಅದರ ಪೂರ್ತಿ ವೇಗಕ್ಕೆ ಓಡಿಸುವ ಸೆಟ್ಟಿಂಗ್) ಆನ್ ಉಂಟಾ? 144 ಹರ್ಟ್ಸ್ ಮಾನಿಟರ್ ಕೊಂಡು ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 60ಕ್ಕೇ ಬಿಟ್ಟವರು, ಎಚ್‌ಡಿಎಂಐ ಕೇಬಲನ್ನು ಕಾರ್ಡಿನ ಬದಲು ಮದರ್‌ಬೋರ್ಡಿಗೆ ಚುಚ್ಚಿದವರು ಎಷ್ಟು ಮಂದಿ! ಇನ್ನು ಮುಂಬೈಯ ಧೂಳು, ಮಳೆಗಾಲದ ತೇವ ಸೇರಿ ಹೀಟ್‌ಸಿಂಕಿನ ಮೇಲೆ ಕಂಬಳಿ ಹೊದೆಸುತ್ತವೆ. ಕಾರ್ಡ್ ಬಿಸಿಯಾದರೆ ತನ್ನ ಕ್ಲಾಕ್ (ಓಡುವ ವೇಗ) ತಾನೇ ಇಳಿಸಿಕೊಳ್ಳುತ್ತದೆ. ಬ್ಲೋವರ್, ಮೆತ್ತಗಿನ ಬ್ರಶ್, ಹಳೇ ಕಾರ್ಡಾದರೆ ಹೊಸ ಥರ್ಮಲ್ ಪೇಸ್ಟ್. ಧೂಳು ಊದುವಾಗ ಫ್ಯಾನನ್ನು ಬೆರಳಲ್ಲಿ ಹಿಡಿದುಕೊಳ್ಳಿ.

"ಬೆಲೆ ನಿಜವಾಗಿಯೂ ಏರುತ್ತದಲ್ಲ?" ಅಂತ ವಾದಕ್ಕೆ ಬರುವವರಿದ್ದೀರಿ. ಹೌದು, ಎಐ ಡೇಟಾ ಸೆಂಟರುಗಳ ಹಸಿವಿಗೆ 2025ರ ಕೊನೆಯಲ್ಲಿ ಮೆಮೊರಿ ಚಿಪ್ಪು ದುಬಾರಿಯಾದದ್ದು ನಿಜ. ಹಾಗಂತ ಬೇಡದ ವಸ್ತುವನ್ನು ಅಗ್ಗದಲ್ಲಿ ಕೊಂಡರೂ ದಂಡವೇ ಅಲ್ವಾ?

ನಿಜವಾಗಿ ಬದಲಿಸುವ ಹೊತ್ತೂ ಉಂಟು. ವಿರ್ಯಾಮ್ ತುಂಬಿ ಆಟ ತಡವರಿಸುವುದು, ಟೆಕ್ಸ್ಚರ್ (ವಸ್ತುಗಳ ಮೈಮೇಲಿನ ಚಿತ್ರ) ಮಸುಕಾಗುವುದು, ಟೆಕ್ಸ್ಚರನ್ನು ಒಂದು ಮೆಟ್ಟಿಲು ಇಳಿಸಿದ ಕೂಡಲೇ ಸರಿಯಾಗುವುದು: ಇದು ಪಕ್ಕಾ ಲಕ್ಷಣ. ಕಡಿಮೆ ಟೆಕ್ಸ್ಚರಿನಲ್ಲಿ ಆಡಲು ಮನಸ್ಸಿಲ್ಲದಿದ್ದರೆ 12 ಅಥವಾ 16 ಜಿಬಿಯದ್ದನ್ನೇ ನೋಡಿ. ಹಳೇ ಪಿಸಿಐಇ 3.0 (ಕಾರ್ಡ್ ಕೂರುವ ಸ್ಲಾಟಿನ ಹಿಂದಿನ ಪೀಳಿಗೆ) ಬೋರ್ಡಿಗೆ 8 ಜಿಬಿಯ 4060 ಹಾಕುವವರು ಇನ್ನೂ ಜಾಗ್ರತೆ, ಅದು ಸ್ಲಾಟಿನ ಹದಿನಾರು ಲೇನ್‌ಗಳಲ್ಲಿ (ಡೇಟಾ ಓಡುವ ದಾರಿ) ಎಂಟೇ ಬಳಸುವುದರಿಂದ ಮೆಮೊರಿ ತುಂಬಿದಾಗ ಏಟು ಜೋರು. ಇನ್ನೊಂದು, ಇಂಡಿಯಾನಾ ಜೋನ್ಸ್ (2024), ಡೂಮ್: ದಿ ಡಾರ್ಕ್ ಏಜಸ್ (2025) ತರಹದ ಆಟಗಳಿಗೆ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳನ್ನು ಲೆಕ್ಕಹಾಕಿ ಚಿತ್ರಿಸುವುದು) ಮಾಡಬಲ್ಲ ಕಾರ್ಡ್ ಕಡ್ಡಾಯ. ಅದಕ್ಕೆ ಬೇಕಾದ ಹಾರ್ಡ್‌ವೇರ್ ಇಲ್ಲದ ಹಳೇ ಜಿಟಿಎಕ್ಸ್ 1060 ಇಟ್ಟುಕೊಂಡು ಅವೇ ಬೇಕು ಅನ್ನುವವರಿಗೆ ಕಾಯಿರಿ ಅಂತ ನಾನು ಹೇಳುವುದಿಲ್ಲ.

ಪವರ್ ಸಪ್ಲೈ ಲೆಕ್ಕವೂ ಆಗಲಿ. 3060ಕ್ಕೆ 170 ವ್ಯಾಟ್, 5060ಕ್ಕೆ 145, ಅಲ್ಲಿ ಚಿಂತೆಯಿಲ್ಲ. 5070ಕ್ಕೆ ಹಾರಿದರೆ 250, ಒಳ್ಳೆಯ 650 ವ್ಯಾಟಿನದ್ದು ಬೇಕು. ಕೊಳ್ಳುವಾಗ ಕಚ್ಚಾ ಬಿಲ್ಲಿಗೆ ಒಪ್ಪಬೇಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಅಲ್ಲೇ ಡಬ್ಬಿ ಬಿಚ್ಚಿಸಿ ಕಾರ್ಡಿನ ಮೇಲಿನ ನಂಬರಿಗೆ ತಾಳೆ ನೋಡಿ. ಕೌಂಟರಿನವನು ಮುಖ ಸಿಂಡರಿಸಿದರೆ ಸಿಂಡರಿಸಲಿ.