ಮರಳಿ ಕೊಡಿ, ರಶೀದಿ ಸಿಗುತ್ತದೆ

ನನ್ನ ಕಾಲೇಜಿಗೆ ನನ್ನ ನೆನಪಾಗಿದೆ. ಪದವಿ ಮುಗಿಸಿ ಹೊರಬಿದ್ದು 26 ವರ್ಷಗಳಾದ ಮೇಲೆ ದಪ್ಪ ಕಾಗದದ ಲಕೋಟೆಯೊಂದು ಬಂದಿದೆ. ಬಂಗಾರದ ಬಣ್ಣದ ಲಾಂಛನ, ಅದರ ಕೆಳಗೆ 'ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿಯಾದ' ಎಂಬ ಒಕ್ಕಣೆ, ಅದರ ಮುಂದೆ ಬೇರೆ ಯಾರದೋ ಹೆಸರು. ವಿಳಾಸ ಮಾತ್ರ ಅಕ್ಷರವೂ ತಪ್ಪದಂತೆ ನನ್ನದೇ. ಹೆಸರು ಮರೆತರೂ ಮನೆ ಮರೆಯದವರು ಸಾಲ ವಸೂಲಿಯವರು ಮಾತ್ರ ಎಂದು ಇಷ್ಟು ದಿನ ತಿಳಿದಿದ್ದೆ.

ನಾಲ್ಕು ವರ್ಷಗಳ ಹಿಂದೆ ಇದೇ ಕಾಲೇಜಿಗೆ ಅಂಕಪಟ್ಟಿಯ ನಕಲು ಕೇಳಲು ಹೋಗಿದ್ದೆ. ಕಚೇರಿಯ ಕಿಂಡಿಯನ್ನು ಸೊಂಟದ ಮಟ್ಟದಲ್ಲಿ ಕೊರೆದಿದ್ದಾರೆ, ಎಂಥ ವಿದ್ಯಾವಂತನೂ ಬಾಗಿಯೇ ಮಾತನಾಡಬೇಕು. ಬಾಗಿದೆ. ಒಳಗಿದ್ದ ಗುಮಾಸ್ತರು ಎರಡು ದಪ್ಪ ಪುಸ್ತಕಗಳನ್ನು ತಿರುವಿ, "ನೀವು ಇಲ್ಲಿ ಓದಿದ್ದಕ್ಕೆ ಏನು ಆಧಾರ?" ಎಂದರು. ಅಂಕಪಟ್ಟಿಯೇ ಆಧಾರ ಎಂದೆ. "ಸರಿ, ಅದನ್ನು ತನ್ನಿ, ನಕಲು ಕೊಡುತ್ತೇವೆ" ಎಂದು ಕಿಂಡಿ ಮುಚ್ಚಿದರು. ಅಂದು ಇಲ್ಲಿ ಓದೇ ಇರದಿದ್ದ ನಾನು ಇಂದು ಸಂಸ್ಥೆಯ ಹೆಮ್ಮೆಯಾಗಿದ್ದೇನೆ. ನಡುವಿನ ನಾಲ್ಕು ವರ್ಷಗಳಲ್ಲಿ ನಾನು ಮಾಡಿದ ಸಾಧನೆ ಒಂದೇ, ಸಂಬಳದಲ್ಲಿ ಒಂದು ಬಡ್ತಿ.

ಪತ್ರದ ಸಾರ ಇಷ್ಟು. ಈ ಸಂಸ್ಥೆ ನಿಮಗೆ ಎಲ್ಲವನ್ನೂ ಕೊಟ್ಟಿದೆ, ಈಗ ಮರಳಿ ಕೊಡುವ ಸರದಿ ನಿಮ್ಮದು. ಮುಖ್ಯದ್ವಾರದಲ್ಲಿ ಹಳೆಯ ವಿದ್ಯಾರ್ಥಿಗಳ ಹೆಸರಿನಲ್ಲಿ ಸ್ವಾಗತ ಕಮಾನು ಕಟ್ಟಿಸಲಿದ್ದೇವೆ, ಋಣ ತೀರಿಸಲು ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ.

ಸಾಲ ಎಂದ ಮೇಲೆ ಲೆಕ್ಕ ನೋಡಬೇಕಲ್ಲ, ಕಾಗದ ಹಿಡಿದು ಕುಳಿತೆ. ಸಂಸ್ಥೆಯಿಂದ ಪಡೆದದ್ದು: ಮೂರು ಕಾಲಿನ ಬೆಂಚಿನ ಮೇಲೆ ಮೂರು ವರ್ಷ ಸಮತೋಲನ ಕಾಯುವ ಅಭ್ಯಾಸ, ಇದು ಮುಂದೆ ಉದ್ಯೋಗದಲ್ಲಿ ಬಹಳ ಉಪಯೋಗಕ್ಕೆ ಬಂತು. ಮೇಷ್ಟ್ರು ತಮ್ಮ ಮೇಷ್ಟ್ರಿಂದ ಬರೆದುಕೊಂಡು ನಮಗೆ ಬರೆಸಿದ ಟಿಪ್ಪಣಿ. ಬೀರುವಿನ ಗಾಜಿನಾಚೆಯಿಂದ ದರ್ಶನ ಕೊಡುತ್ತಿದ್ದ ಒಂದು ಸೂಕ್ಷ್ಮದರ್ಶಕ. ಸಂಸ್ಥೆಗೆ ಕೊಟ್ಟದ್ದು: ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ, ಗ್ರಂಥಾಲಯ ಶುಲ್ಕ, ಇಲ್ಲದ ಆಟದ ಮೈದಾನಕ್ಕೆ ಕ್ರೀಡಾ ಶುಲ್ಕ, ತಡವಾಗಿ ಕಟ್ಟಿದ್ದಕ್ಕೆ ದಂಡ, ದಂಡ ತಡವಾದದ್ದಕ್ಕೆ ಇನ್ನೊಂದು ದಂಡ. ಕೂಡಿ ಕಳೆದು ನೋಡಿದರೆ ಬಾಕಿ ಯಾವ ಕಡೆ ನಿಲ್ಲುತ್ತದೆ ಎಂದು ಹೇಳಲು ಹೋಗುವುದಿಲ್ಲ, ಕೃತಘ್ನ ಎನ್ನುತ್ತಾರೆ.

ಕೌತ್ಸನ ಕತೆ ನೆನಪಾಗುತ್ತದೆ. ವಿದ್ಯೆ ಮುಗಿಸಿದವನು ಗುರು ವರತಂತುವಿನ ಮುಂದೆ ನಿಂತು ದಕ್ಷಿಣೆ ಏನು ಕೊಡಲಿ ಎಂದ. ನಿನ್ನ ಭಕ್ತಿಯೇ ಸಾಕು ಹೋಗಪ್ಪ ಎಂದರು ಗುರುಗಳು. ಅವನು ಬಿಡದೆ ಪೀಡಿಸಿದ. ರೇಗಿದ ಗುರುಗಳು 14 ವಿದ್ಯೆ ಕಲಿತಿದ್ದೀಯೆ, 14 ಕೋಟಿ ತಾ ಎಂದುಬಿಟ್ಟರು. ಬರಿಗೈಯವನು ರಘು ಮಹಾರಾಜನ ಬಳಿ ಓಡಿದರೆ, ಯಾಗದಲ್ಲಿ ಸರ್ವಸ್ವವನ್ನೂ ಕೊಟ್ಟು ಮುಗಿಸಿದ್ದ ಆತ ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯ ಹಿಡಿದು ಬಂದ. ಕೊನೆಗೆ ರಾಜ ದಂಡೆತ್ತಿ ಬರುವ ಸುದ್ದಿ ತಿಳಿದು ಕುಬೇರ ರಾತ್ರೋರಾತ್ರಿ ಚಿನ್ನ ಸುರಿದ. ಕೌತ್ಸ ಕೊಡಬೇಕಾದಷ್ಟನ್ನೇ ತೆಗೆದುಕೊಂಡ, ಮಿಕ್ಕದ್ದನ್ನು ಮುಟ್ಟಲಿಲ್ಲ. ಈ ಕತೆಯನ್ನು ಇಂದಿನ ಸಂಸ್ಥೆಗಳು ಸ್ವಲ್ಪ ಪರಿಷ್ಕರಿಸಿವೆ. ಪೀಡಿಸುವ ಕೆಲಸವನ್ನು ಶಿಷ್ಯನಿಂದ ತಮಗೆ ವರ್ಗಾಯಿಸಿಕೊಂಡಿವೆ. ಬೇಡ ಎನ್ನುವ ಗುರುವಿನ ಪಾತ್ರವನ್ನು ಕೈಬಿಟ್ಟಿವೆ. ಕುಬೇರನನ್ನು ಮಾತ್ರ ಹಾಗೆಯೇ ಉಳಿಸಿಕೊಂಡು ಮುಖ್ಯ ಪ್ರಾಯೋಜಕ ಎಂದು ಕರೆಯುತ್ತವೆ.

ಹೊರದೇಶಗಳನ್ನು ನೋಡಿ ಕಲಿಯಿರಿ ಎಂದು ಪತ್ರದಲ್ಲಿ ಉಪದೇಶವೂ ಇದೆ. ನೋಡಿದೆ. ಹಾರ್ವರ್ಡ್‌ಗೆ ಹೆಸರು ಕೊಟ್ಟ ಜಾನ್ ಹಾರ್ವರ್ಡ್ ಅಲ್ಲಿ ಒಂದು ದಿನವೂ ಓದಿದವನಲ್ಲ, ಅವನು ಕಲಿತದ್ದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ. 1638ರಲ್ಲಿ ಸಾಯುವಾಗ ಅರ್ಧ ಆಸ್ತಿಯನ್ನೂ ಸುಮಾರು 400 ಪುಸ್ತಕಗಳನ್ನೂ ಈ ಹೊಸ ಕಾಲೇಜಿಗೆ ಬಿಟ್ಟುಹೋದ. ಯೇಲ್‌ನ ಎಲಿಹು ಯೇಲ್ ಕೂಡ ಅಲ್ಲಿನ ವಿದ್ಯಾರ್ಥಿಯಲ್ಲ. ಅವನು ಈಸ್ಟ್ ಇಂಡಿಯಾ ಕಂಪನಿಯ ಕಡೆಯಿಂದ ಮದರಾಸಿನ ಗವರ್ನರ್ ಆಗಿ ಅಲ್ಲಿ ಭರ್ಜರಿಯಾಗಿ ದುಡ್ಡು ಮಾಡಿಕೊಂಡವನು. 1718ರಲ್ಲಿ 9 ಮೂಟೆ ಸರಕು, 417 ಪುಸ್ತಕ ಮತ್ತು ಒಂದನೇ ಜಾರ್ಜ್ ದೊರೆಯ ಒಂದು ಚಿತ್ರಪಟ ಕಳಿಸಿದ, ಕಾಲೇಜಿಗೆ ಅವನ ಹೆಸರು ಬಂತು. ಅಲ್ಲಿ ಓದಿ, ಶುಲ್ಕ ಕಟ್ಟಿ, ಪರೀಕ್ಷೆ ಬರೆದವರ ಹೆಸರನ್ನು ಯಾರೂ ಇಡಲಿಲ್ಲ. ಕಾಲೇಜಿನ ಇತಿಹಾಸದಲ್ಲಿ ಅಮರನಾಗಬೇಕಾದರೆ ಅಲ್ಲಿ ಓದದಿರುವುದು ಮೊದಲ ಅರ್ಹತೆ ಎಂದು ಇದರಿಂದ ಕಲಿತೆ.

ಇನ್ನೂ ಒಂದು ಸಂಗತಿ ಸಿಕ್ಕಿತು. 1764ರಲ್ಲಿ ಹಾರ್ವರ್ಡ್‌ನ ಗ್ರಂಥಾಲಯಕ್ಕೆ ಬೆಂಕಿ ಬಿದ್ದು ಆ ದಾನದ ಪುಸ್ತಕಗಳೆಲ್ಲ ಬೂದಿಯಾದವು. ಉಳಿದದ್ದು ಒಂದೇ ಒಂದು ಎನ್ನುತ್ತಾರೆ, ಯಾರೋ ಕೊಂಡೊಯ್ದು ಮರಳಿ ಕೊಡದೆ ಇಟ್ಟುಕೊಂಡಿದ್ದ ಪುಸ್ತಕ. ಇದನ್ನು ಏಕೆ ಹೇಳಿದೆ ಎಂಬುದು ಮುಂದೆ ತಿಳಿಯುತ್ತದೆ.

ಪತ್ರಕ್ಕೆ ಉತ್ತರ ಬರೆಯದಿದ್ದಾಗ ಫೋನು ಬಂತು. ಈಗ ಅಲ್ಲಿ ಎರಡನೇ ವರ್ಷ ಓದುತ್ತಿರುವ ಹುಡುಗಿ. ಕೊಟ್ಟ ಕಾಗದ ನೋಡಿಕೊಂಡು ಓದುತ್ತಿದ್ದಾಳೆಂಬುದು ಅವಳು ಪುಟ ತಿರುಗಿಸುವ ಸದ್ದಿನಿಂದ ಗೊತ್ತಾಗುತ್ತಿತ್ತು. "ಸರ್, ಕಾಲೇಜಿನ ದಿನಗಳ ಮಧುರ ನೆನಪು ಯಾವುದು ಹೇಳಿ" ಎಂದಳು. ಹೇಳಲು ಬಾಯಿ ತೆರೆಯುವಷ್ಟರಲ್ಲಿ "ತುಂಬಾ ಚೆನ್ನಾಗಿದೆ ಸರ್" ಎಂದು ಮುಂದಿನ ಸಾಲಿಗೆ ಹೋದಳು. ಎಷ್ಟಾದರೂ ಕೊಡಬಹುದಂತೆ. ಮೊತ್ತ ಮುಖ್ಯವಲ್ಲ, ಕೊಟ್ಟವರ ಸಂಖ್ಯೆ ಮುಖ್ಯವಂತೆ. ಇದು ವಿನಯವಲ್ಲ, ಗಣಿತ. ಅಮೆರಿಕದಲ್ಲಿ ಯು.ಎಸ್. ನ್ಯೂಸ್ ಪ್ರಕಟಿಸುವ ಕಾಲೇಜುಗಳ ಶ್ರೇಯಾಂಕದಲ್ಲಿ ಹಳೆಯ ವಿದ್ಯಾರ್ಥಿಗಳಲ್ಲಿ ಶೇಕಡಾ ಎಷ್ಟು ಮಂದಿ ದೇಣಿಗೆ ಕೊಟ್ಟರು ಎಂಬುದಕ್ಕೂ ಬಹುಕಾಲ ಅಂಕವಿತ್ತು. 2023ರಲ್ಲಷ್ಟೇ ಅದನ್ನು ಕೈಬಿಟ್ಟರು. ಅಲ್ಲಿ ಬಿಟ್ಟದ್ದನ್ನು ನಮ್ಮವರು ಹೆಕ್ಕಿಕೊಂಡಿದ್ದಾರೆ. ತೃಪ್ತಿಯಾದವನು ದುಡ್ಡು ಕೊಡುತ್ತಾನೆ ಎಂಬುದು ಮೂಲ ತರ್ಕ, ದುಡ್ಡು ಕಿತ್ತುಕೊಂಡರೆ ಅವನು ತೃಪ್ತನಾಗಿದ್ದಾನೆಂದು ಲೆಕ್ಕ ಎಂಬುದು ಅದರ ಪರಿಷ್ಕೃತ ರೂಪ. ಪಾಪ, ಆ ಹುಡುಗಿಗೆ ದಿನಕ್ಕೆ ಐವತ್ತು ಕರೆ ಮಾಡಿದರೆ ಹಾಜರಾತಿ ಸಿಗುತ್ತದಂತೆ. ತರಗತಿಗೆ ಹೋಗಲು ಪುರುಸೊತ್ತಿಲ್ಲ.

ಇಷ್ಟಾದರೂ ನನಗೆ ಆ ಕಟ್ಟಡದ ಋಣವಿಲ್ಲ ಎಂದರೆ ಸುಳ್ಳಾಗುತ್ತದೆ. ಅಲ್ಲಿ ಒಬ್ಬ ಮೇಷ್ಟ್ರಿದ್ದರು, ಗಂಟೆ ಹೊಡೆದ ಮೇಲೂ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಅರ್ಥವಾಗದ ಲೆಕ್ಕವನ್ನು ಚೀಟಿಯ ಹಿಂಬದಿಯಲ್ಲಿ ಬಿಡಿಸಿ ತೋರಿಸುತ್ತಿದ್ದರು. ಕೊನೆಯವರೆಗೂ ಅವರು ತಾತ್ಕಾಲಿಕ ಉಪನ್ಯಾಸಕರಾಗಿಯೇ ಉಳಿದರು, ಒಂದು ಬೇಸಿಗೆ ರಜೆಯ ನಂತರ ಅವರನ್ನು ಮತ್ತೆ ಕರೆಯಲಿಲ್ಲ. ಅವರ ಹೆಸರಿನ ಕಲ್ಲು ಎಲ್ಲೂ ಇಲ್ಲ. ಗೋಡೆಗಳ ಮೇಲೆಲ್ಲ ಕೊಟ್ಟವರ ಹೆಸರಿದೆ, ಕಲಿಸಿದವರದಿಲ್ಲ. ಇವರ ವಿಳಾಸ ಕೊಡಿ ಎಂದು ಕೇಳಿದೆ. ಹುಡುಗಿಯ ಕಾಗದದಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಕೊನೆಗೆ ಮರಳಿ ಕೊಡೋಣವೆಂದು ನಾನೇ ಹೊರಟೆ. ಏಕೆಂದರೆ ಅಟ್ಟ ಗುಡಿಸುವಾಗ ನಿಜಕ್ಕೂ ಮರಳಿ ಕೊಡಬೇಕಾದ ವಸ್ತುವೊಂದು ಸಿಕ್ಕಿತ್ತು: ಗ್ರಂಥಾಲಯದ ಮೊಹರಿರುವ, ಬೆನ್ನಿಗೆ ಸಂಖ್ಯೆ ಅಂಟಿಸಿದ ಸಂಖ್ಯಾಶಾಸ್ತ್ರದ ಪುಸ್ತಕ. ಅದನ್ನು ಚೀಲದಲ್ಲಿಟ್ಟುಕೊಂಡು ಕಾಲೇಜಿನ ಒಳಗೆ ಹೋದೆ. ಸಭಾಂಗಣದಲ್ಲಿ ಫ್ಯಾನುಗಳ ಮೂರೂ ರೆಕ್ಕೆಗಳ ಮೇಲೆ ದಾನಿಯೊಬ್ಬರ ಹೆಸರು, ಬ್ಯಾಚು, ಪದವಿ ಬರೆಸಿದ್ದಾರೆ. ತಿರುಗಿದರೆ ಓದಲು ಬರುವುದಿಲ್ಲ, ಆದ್ದರಿಂದ ಯಾರಾದರೂ ಹಳೆಯ ವಿದ್ಯಾರ್ಥಿ ಬಂದರೆ ನಿಲ್ಲಿಸುತ್ತಾರೆ. ನನ್ನನ್ನು ಕಂಡು ನಿಲ್ಲಿಸಿದರು. ಒಳಗೆ ಪರೀಕ್ಷೆ ಬರೆಯುತ್ತಿದ್ದ ಮಕ್ಕಳು ತಲೆಯೆತ್ತಿ ನನ್ನನ್ನು ನೋಡಿದ ನೋಟವನ್ನು ವರ್ಣಿಸುವುದಿಲ್ಲ.

ಗ್ರಂಥಪಾಲಕರು ಪುಸ್ತಕವನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಳೆಯ ದಾಖಲೆ ಪುಸ್ತಕವನ್ನು ರದ್ದಿಗೆ ಹಾಕಿದ್ದಾರೆ, ಹೊಸ ಕಂಪ್ಯೂಟರಿನಲ್ಲಿ ಈ ಪುಸ್ತಕವೇ ಇಲ್ಲ. ಇಲ್ಲದ ಪುಸ್ತಕವನ್ನು ಮರಳಿ ಪಡೆಯಲು ಅವರಿಗೆ ಅಧಿಕಾರವಿಲ್ಲ. ದಂಡವನ್ನಾದರೂ ಕಟ್ಟಿಸಿಕೊಳ್ಳಿ ಎಂದೆ. ಎರವಲು ಹೋದ ದಾಖಲೆಯೇ ಇಲ್ಲದೆ ದಂಡ ಹೇಗೆ ಹಾಕುವುದು ಎಂದು ಅವರೂ ಪೇಚಾಡಿದರು. ಸ್ವಲ್ಪ ಯೋಚಿಸಿ, ಮೇಜಿನ ಖಾನೆಯಿಂದ ಹೊಸ ರಶೀದಿ ಪುಸ್ತಕ ತೆಗೆದರು. "ದಾನ ಎಂದಾದರೆ ತೆಗೆದುಕೊಳ್ಳಬಹುದು ಸಾರ್. ನಿಮ್ಮ ವರ್ಷದವರಲ್ಲಿ ಯಾರೂ ಕೊಟ್ಟಿಲ್ಲ, ಶೇಕಡಾವಾರು ಏರುತ್ತದೆ."

ಈಗ ಕಮಾನಿನ ಎಡಗಂಬದ ಮೇಲೆ, ಗ್ರಂಥದಾನಿಗಳು ಎಂಬ ಪಟ್ಟಿಯಲ್ಲಿ, ಮೇಲಿನಿಂದ ಮೂರನೆಯದು ನಾನು. ಹೆಸರು ಮಾತ್ರ ಲಕೋಟೆಯಲ್ಲಿದ್ದ ಆ ಇನ್ನೊಬ್ಬನದೇ ಇದೆ.