ಪುಣ್ಯವಂತೆ ನಾನು, ಮನೆಗೆಲಸವೇ ಇರಲಿಲ್ಲವಂತೆ!

ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ನನಗೆ ಅಜೀರ್ಣ ಆಗುತ್ತದೆ ಅಂತ ನಿಮಗೆಲ್ಲ ಗೊತ್ತೇ ಇದೆ. ಹಾಗಾಗಿ ಬರೆದೇಬಿಡುತ್ತೇನೆ.

ನಿನ್ನೆ ಇಲ್ಲಿನ ಕನ್ನಡದವರು ಸೇರಿದ್ದ ಕಡೆ ನಮ್ಮವರು ನಾವು ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ಸಾಗರ ದಾಟಿದ ಪ್ರಯಾಣದ ಫೋಟೋಗಳನ್ನು ದೊಡ್ಡ ಪರದೆಯ ಮೇಲೆ ತೋರಿಸಿದರು. ಸೂರ್ಯಾಸ್ತ, ಡಾಲ್ಫಿನ್, ಮತ್ತೆ ಸೂರ್ಯಾಸ್ತ. ದೋಣಿ ತಿರುಗಿಸುವ ಚಕ್ರ ಹಿಡಿದು ದೂರಕ್ಕೆ ದಿಟ್ಟಿಸುತ್ತಿರುವ ಕ್ಯಾಪ್ಟನ್ ಸಾಹೇಬರು. ಜೋರು ಚಪ್ಪಾಳೆ. ಆಮೇಲೆ ಊಟದ ಸಾಲಿನಲ್ಲಿ ಹಿರಿಯರೊಬ್ಬರು ನನ್ನ ಕೈ ಹಿಡಿದು, "ಪುಣ್ಯವಂತೆ ಕಣಮ್ಮಾ ನೀನು. ಮೂರು ವಾರ ಮನೆಗೆಲಸ ಇಲ್ಲ, ಸುಮ್ನೆ ಸಮುದ್ರ ನೋಡ್ಕೊಂಡು ಕೂತಿದ್ಯಲ್ಲ!" ಅಂದರು. ನನ್ನ ಬಾಯಲ್ಲಿ ಬಿಸಿಬೇಳೆಬಾತ್ ಇತ್ತು. ಅವರು ಬಚಾವಾದರು.

ಮೊದಲು ಆ ಚಕ್ರದ ವಿಷಯ ಹೇಳಿಬಿಡುತ್ತೇನೆ. ಸಾಗರ ದಾಟುವ ಹಾಯಿದೋಣಿಯಲ್ಲಿ ಚಕ್ರವನ್ನು ಯಾರೂ ಹಗಲೂ ರಾತ್ರಿ ಹಿಡಿದು ನಿಲ್ಲುವುದಿಲ್ಲ. ದೋಣಿಯನ್ನು ತಾನೇ ನಡೆಸುವ ಯಂತ್ರ, ಆಟೋಪೈಲಟ್, ಇರುತ್ತದೆ. ಇಲ್ಲವೇ ವಿಂಡ್‌ವೇನ್ ಅಂತ ಒಂದು ಸಾಧನ, ದೋಣಿಯ ಹಿಂಭಾಗದಲ್ಲಿ ಕೂತು, ಗಾಳಿ ಬಂದ ದಿಕ್ಕು ನೋಡಿಕೊಂಡು ತಾನೇ ದೋಣಿಯನ್ನು ದಾರಿಯಲ್ಲಿ ಇಡುತ್ತದೆ. ಕರೆಂಟೂ ಬೇಡ, ಹೊಗಳಿಕೆಯೂ ಬೇಡ. ಚಕ್ರ ಹಿಡಿಯುವುದು ಫೋಟೋಕ್ಕೆ.

ಒಲೆಗೆ ಮಾತ್ರ ಇನ್ನೂ ಯಾರೂ ಆಟೋಪೈಲಟ್ ಕಂಡುಹಿಡಿದಿಲ್ಲ.

ದಾರಿ ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಆಫ್ರಿಕಾದ ಪಕ್ಕದಲ್ಲಿರುವ ಸ್ಪೇನಿನ ಕೆನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್ನಿನ ಸೇಂಟ್ ಲೂಸಿಯಾಕ್ಕೆ ಸುಮಾರು 2,700 ನಾಟಿಕಲ್ ಮೈಲಿ. ಅಂದರೆ ಹೆಚ್ಚುಕಮ್ಮಿ 5,000 ಕಿಲೋಮೀಟರ್. ಗಂಟೆಗೆ ಹತ್ತು ಕಿಲೋಮೀಟರ್ ಹೋದರೆ ಖುಷಿ ಪಡಬೇಕು. ಚಂಡಮಾರುತದ ಕಾಲ ಮುಗಿಯುವ ನವೆಂಬರ್ ಕೊನೆಯ ಹೊತ್ತಿಗೆ ಹೊರಡುತ್ತಾರೆ. "ಬೆಣ್ಣೆ ಕರಗುವ ತನಕ ದಕ್ಷಿಣಕ್ಕೆ ಹೋಗು, ಆಮೇಲೆ ಪಶ್ಚಿಮಕ್ಕೆ ತಿರುಗು" ಅನ್ನುವುದು ಹಳೇ ನಾವಿಕರ ಮಾತು. ನೋಡಿ, ದಾರಿ ಹೇಳುವುದಕ್ಕೂ ಅಡುಗೆಮನೆಯೇ ಬೇಕಾಯಿತು.

ಅಲ್ಲಿಂದ ಮುಂದೆ ವಾಣಿಜ್ಯ ಮಾರುತ, ಅಂದರೆ ಪೂರ್ವದ ಕಡೆಯಿಂದ ಬಿಡದೆ ಬರುವ ಗಾಳಿ, ಬೆನ್ನಿಗೆ ಬೀಸುತ್ತದೆ. ಕೇಳಲಿಕ್ಕೆ ಚೆನ್ನಾಗಿದೆ, ಅಲ್ವಾ? ಗಾಳಿ ಬೆನ್ನಿಗಿದ್ದರೆ ದೋಣಿ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಉರುಳುತ್ತಲೇ ಇರುತ್ತದೆ. ಹಗಲೂ ರಾತ್ರಿ. ಒಲೆಯನ್ನು ಎರಡು ಬದಿಯ ತಿರುಗಣೆಯ ಮೇಲೆ ತೂಗುಬಿಟ್ಟಿರುತ್ತಾರೆ. ಹಾಗಾಗಿ ಒಲೆ ನೆಟ್ಟಗೆ ಇರುತ್ತದೆ, ವಾಲುವವಳು ನಾನು. ಸೊಂಟಕ್ಕೆ ಪಟ್ಟಿ ಬಿಗಿದು ಅದನ್ನು ಕಟ್ಟೆಯ ಕೊಕ್ಕೆಗೆ ಸಿಕ್ಕಿಸಿಕೊಂಡು ಅಡುಗೆ ಮಾಡಬೇಕು. ಕುದಿಯುವ ನೀರು ಮೈಮೇಲೆ ಚೆಲ್ಲಿದರೆ ಆಸ್ಪತ್ರೆ ಎರಡು ವಾರದ ದೂರದಲ್ಲಿದೆ. ಅದಕ್ಕೇ ಆ ಸೆಖೆಯಲ್ಲೂ ಮಳೆಗೆ ಹಾಕುವ ರಬ್ಬರ್ ಪ್ಯಾಂಟು ಹಾಕಿಕೊಂಡು ಅನ್ನ ಮಾಡಿದ್ದೇನೆ. ಎಲ್ಲವೂ ಕುಕ್ಕರಿನಲ್ಲೇ. ವಿಷಲ್ ಬೇಕು ಅಂತಲ್ಲ, ಮುಚ್ಚಳ ಭದ್ರವಾಗಿ ಕೂರುತ್ತದೆ ಅಂತ.

ಈರುಳ್ಳಿ ಹೆಚ್ಚುವುದನ್ನು ಹೇಳುತ್ತೇನೆ ಕೇಳಿ. ಅರ್ಧ ಈರುಳ್ಳಿ ಹಲಗೆಯ ಮೇಲಿರುತ್ತದೆ. ಇನ್ನರ್ಧ ಕೈ ತಪ್ಪಿ ನೆಲಕ್ಕೆ ಬಿದ್ದು, ಆ ಬದಿಗೆ ಓಡಿ, ನಕ್ಷೆಯ ಮೇಜಿನ ಕೆಳಗೆ ಹೋಗುತ್ತದೆ. ಅದನ್ನು ಹುಡುಕಿಕೊಂಡು ಹೋಗಬಾರದು. ಹೋದರೆ ಹಲಗೆ, ಚಾಕು, ಉಳಿದ ಅರ್ಧ ಎಲ್ಲವೂ ಹೊರಡುತ್ತವೆ. ಸುಮ್ಮನೆ ಕಾಲು ಅಡ್ಡ ಇಟ್ಟು ನಿಂತಿರಬೇಕು. ಮುಂದಿನ ಅಲೆಗೆ ಅದೇ ವಾಪಸ್ ಬರುತ್ತದೆ, ಒಂದಿಷ್ಟು ಕೂದಲು ಅಂಟಿಸಿಕೊಂಡು.

ಇನ್ನು ದಿನಸಿ. ರಟ್ಟಿನ ಪೆಟ್ಟಿಗೆ ಒಂದೂ ಒಳಗೆ ಬರುವಂತಿಲ್ಲ, ಅದರ ಸಂದಿಯಲ್ಲಿ ಜಿರಳೆ ಮೊಟ್ಟೆ ಬರುತ್ತದೆ. ಫ್ರಿಜ್ಜಿನಲ್ಲಿ ಇಟ್ಟಿರದ, ತೊಳೆದಿರದ ಕೋಳಿಮೊಟ್ಟೆಯನ್ನೇ ಹುಡುಕಿ ತರಬೇಕು. ಆಮೇಲೆ ದಿನಬಿಟ್ಟು ದಿನ ಟ್ರೇ ಮಗುಚಿ ಇಡಬೇಕು. ಎಲೆಕೋಸನ್ನು ಕತ್ತರಿಸಬಾರದು, ಹೊರಗಿನಿಂದ ಒಂದೊಂದೇ ಎಲೆ ಕಿತ್ತರೆ ವಾರಗಟ್ಟಲೆ ಬಾಳುತ್ತದೆ. ಬಾಳೆಗೊನೆಯ ಹಣ್ಣೆಲ್ಲ ಒಟ್ಟಿಗೇ ಮಾಗುತ್ತದೆ. ಆ ವಾರ ಬೆಳಿಗ್ಗೆ ರಸಾಯನ, ಮಧ್ಯಾಹ್ನ ರಸಾಯನ, ರಾತ್ರಿ ಬನ್ಸ್. ಮಕ್ಕಳು ಈಗಲೂ ಬಾಳೆಹಣ್ಣು ಕಂಡರೆ ಮುಖ ತಿರುಗಿಸುತ್ತಾರೆ. ಪಾತ್ರೆ ತೊಳೆಯುವುದು ಸಮುದ್ರದ ನೀರಿನಲ್ಲಿ, ಕೊನೆಗೆ ಒಂದು ಲೋಟ ಸಿಹಿನೀರು. ಬಟ್ಟೆ ಉಪ್ಪುನೀರಿನಲ್ಲಿ ಒಗೆದರೆ ಒಣಗುವುದೇ ಇಲ್ಲ, ಉಪ್ಪು ಗಾಳಿಯ ತೇವ ಎಳೆದುಕೊಂಡು ಸದಾ ಒದ್ದೆ. ಚಟ್ನಿಪುಡಿಯೂ ಗೊಜ್ಜವಲಕ್ಕಿಯೂ ಇಲ್ಲದಿದ್ದರೆ ನಾನು ಅರ್ಧ ದಾರಿಯಲ್ಲೇ ಈಜಿ ವಾಪಸ್ ಬರುತ್ತಿದ್ದೆ.

ಮತ್ತೆ ಹಸಿವು! ಪಶ್ಚಿಮಕ್ಕೆ 15 ಡಿಗ್ರಿ ಹೋದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ. ಲಾಸ್ ಪಾಲ್ಮಾಸ್‌ನಿಂದ ಸೇಂಟ್ ಲೂಸಿಯಾಕ್ಕೆ ಒಟ್ಟು ನಾಲ್ಕು ಗಂಟೆ. ಗಡಿಯಾರ ಹಿಂದೆ ತಳ್ಳಿದಾಗಲೆಲ್ಲ ದಿನಕ್ಕೆ ಒಂದು ಗಂಟೆ ಜಾಸ್ತಿ, ಮಕ್ಕಳಿಗೆ ಒಂದು ತಿಂಡಿ ಜಾಸ್ತಿ.

ಇದನ್ನೆಲ್ಲ ಯಾರೂ ಕೇಳುವುದಿಲ್ಲ. ನಿನ್ನೆಯೂ ಪ್ರಶ್ನೆಗಳೆಲ್ಲ ನಮ್ಮವರಿಗೇ. "ಸಾರ್, ಬಿರುಗಾಳಿ ಬಂತಾ? ತಿಮಿಂಗಿಲ ನೋಡಿದ್ರಾ? ಭಯ ಆಗ್ಲಿಲ್ವಾ?" ನನ್ನನ್ನು ಕೇಳಿದ್ದು ಒಂದೇ: "ನಿಮಗೆ ಬೋರ್ ಆಗ್ಲಿಲ್ವಾ ಮೇಡಂ?"

ಸರಿ, ಹಾಯಿಯ ಕೆಲಸ ಹುಡುಗಾಟವಲ್ಲ ಅಂತೀರಿ. ಅಲ್ಲ ಅಂದವರ್ಯಾರು? ರಾತ್ರಿ ಸ್ಕ್ವಾಲ್, ಅಂದರೆ ದಿಢೀರ್ ಬಿರುಸು ಗಾಳಿ, ಬಂದರೆ ಎದ್ದು ಹಾಯಿ ಕಿರಿದು ಮಾಡಬೇಕು. ಹಗ್ಗ ಎಲ್ಲಿ ಉಜ್ಜಿ ಸವೆಯುತ್ತಿದೆ ಅಂತ ದಿನಾ ನೋಡಬೇಕು. ನಮ್ಮವರು ಅದನ್ನು ಚೆನ್ನಾಗಿಯೇ ಮಾಡಿದರು. ಆದರೆ ಆ ದಾರಿಯಲ್ಲಿ ಎಷ್ಟೋ ದಿನ ಏರಿಸಿದ ಹಾಯಿಯನ್ನು ಮುಟ್ಟುವ ಪ್ರಮೇಯವೇ ಬರುವುದಿಲ್ಲ. ಏರಿಸಿದ ಕುಕ್ಕರಿಗೆ ಅಂಥ ರಜೆ ಉಂಟಾ? ಇನ್ನು ಪಹರೆ, ಅದರಲ್ಲಿ ನಾವಿಬ್ಬರೂ ಸಮಪಾಲು. ಮೂರು ಮೂರು ಗಂಟೆ. ದಿಗಂತದಲ್ಲಿ ಕಂಡ ಹಡಗು ಕಾಲು ಗಂಟೆಯಲ್ಲಿ ತಲೆಯ ಮೇಲಿರಬಹುದು. ಅದಕ್ಕೇ ಅಲಾರಂ ಇಟ್ಟುಕೊಂಡು ಅಷ್ಟಷ್ಟು ಹೊತ್ತಿಗೆ ಎದ್ದು ಸುತ್ತಲೂ ನೋಡಬೇಕು.

ನಿಜ ಹೇಳಲಾ? ಆ ರಾತ್ರಿ ಪಾಳಿ ನನಗೆ ಬಹಳ ಇಷ್ಟವಾಗಿತ್ತು. ನಕ್ಷತ್ರ ಗಿಕ್ಷತ್ರ ಅಂತ ಏನೂ ಅಲ್ಲ. ಮೂರು ಗಂಟೆ ಕಾಲ "ಅಮ್ಮಾ, ಊಟಕ್ಕೇನು?" ಅಂತ ಯಾರೂ ಕೇಳುವುದಿಲ್ಲ. ಒಂದೆರಡು ಸಲ ಅವರ ಪಾಳಿ ಬಂದರೂ ಎಬ್ಬಿಸದೆ ಕೂತಿದ್ದೆ. ಎಂಥ ಪ್ರೀತಿ ಅಂದುಕೊಂಡರು ಪಾಪ!

ಅಪಾಯದ ಕಥೆಯೇ ಬೇಕು ಅನ್ನುವವರಿಗೂ ಒಂದು ಕಥೆ ಇದೆ. 1972ರಲ್ಲಿ ಪೆಸಿಫಿಕ್ ದಾಟುತ್ತಿದ್ದ ರಾಬರ್ಟ್‌ಸನ್ ಕುಟುಂಬದ ದೋಣಿಗೆ ಓರ್ಕಾಗಳು, ಅಂದರೆ ಕಿಲ್ಲರ್ ವೇಲ್‌ಗಳು, ಗುದ್ದಿ, ನಿಮಿಷಗಳಲ್ಲಿ ಅದು ಮುಳುಗಿಹೋಯಿತು. ಮಕ್ಕಳೂ ಸೇರಿ ಆರು ಜನ, ಮೊದಲು ರಾಫ್ಟಿನಲ್ಲಿ, ಅದು ಹಾಳಾದ ಮೇಲೆ ಒಂದು ಪುಟ್ಟ ದೋಣಿಯಲ್ಲಿ, 38 ದಿನ ಬದುಕಿದರು. ಕೊನೆಗೆ ಜಪಾನಿನ ಮೀನುಗಾರರು ಎತ್ತಿಕೊಂಡರು. ತಾಯಿ ಲಿನ್ ನರ್ಸ್ ಆಗಿದ್ದವರು. ಬಾಯಿಗಿಡಲಾಗದಷ್ಟು ಕೊಳಕಾದ ನೀರನ್ನು ಚೆಲ್ಲದೆ, ಎನಿಮಾ ಕೊಟ್ಟು, ಅಂದರೆ ಗುದದ್ವಾರದ ಮೂಲಕ, ಮನೆಯವರ ಮೈಗೆ ಸೇರಿಸಿದರು. ಆಮೆ, ಮೀನು ಹಿಡಿದು ಮಾಂಸ ಒಣಗಿಸಿ ಇಟ್ಟುಕೊಂಡರು. ಇದ್ದದ್ದನ್ನು ಹಂಚಿ, ಒಣಗಿಸಿ, ಕೆಡದ ಹಾಗೆ ನೋಡಿಕೊಳ್ಳುವುದು. ಇದನ್ನು ನಾವು ಏನಂತ ಕರೆಯುತ್ತೇವೆ? ಮನೆಗೆಲಸ ತಾನೇ? ಎಲ್ಲವೂ ಮುಳುಗಿದ ಮೇಲೆ ಉಳಿದದ್ದು ಅದೊಂದೇ, ಚಕ್ರವಂತೂ ಸಮುದ್ರದ ತಳದಲ್ಲಿತ್ತು.

1492ರಲ್ಲಿ ಸ್ಪೇನ್ ಬಿಟ್ಟ ಕೊಲಂಬಸ್ ಕೊನೆಗೆ ಸಾಗರ ದಾಟಲು ಹೊರಟದ್ದೂ ಇದೇ ಕೆನರಿ ದ್ವೀಪಗಳಿಂದ. ಶಾಲೆಯಲ್ಲಿ ಅವನ ಮೂರು ಹಡಗುಗಳ ಹೆಸರು ನನಗೆ ಬಾಯಿಪಾಠ ಮಾಡಿಸಿದ್ದರು. ಅಡುಗೆಯವನ ಹೆಸರು ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ.

ನಮ್ಮ ದೋಣಿ ಈಗ ಕೆರಿಬಿಯನ್ನಿನದೇ ಇನ್ನೊಂದು ದ್ವೀಪ ಗ್ರೆನೇಡಾದಲ್ಲಿ ದಡದ ಮೇಲೆ ನಿಂತಿದೆ. ಮೇ ತಿಂಗಳಲ್ಲಿ ಅಟ್ಲಾಂಟಿಕ್ ನಡುವಿನ ಅಝೋರ್ಸ್ ದ್ವೀಪಗಳ ಮಾರ್ಗವಾಗಿ ವಾಪಸ್ ತರಬೇಕು. ಆ ದಾರಿಯಲ್ಲಿ ಗಾಳಿ ಹೀಗೆ ಬೆನ್ನಿಗೆ ಸಿಗುವುದು ಕಷ್ಟ, ದಿನಗಟ್ಟಲೆ ಒಂದೇ ಬದಿಗೆ ವಾಲಿಕೊಂಡು ಬರಬೇಕು. ನಿನ್ನೆ ರಾತ್ರಿ ಕಾರಿನಲ್ಲೇ ತೀರ್ಮಾನ ಆಯಿತು. ಹಾಯಿ, ಹಗ್ಗ, ಹವಾಮಾನ ನನ್ನದು, ಅಡುಗೆಮನೆ ಪೂರ್ತಿ ಅವರದು. "ಓ, ಅಷ್ಟೇನಾ!" ಅಂದರು ಸಾಹೇಬರು. ಇವತ್ತು ಬೆಳಿಗ್ಗೆಯಿಂದ ಯೂಟ್ಯೂಬಿನಲ್ಲಿ ಹುಳಿ ಮಾಡುವುದು ಹೇಗೆ ಅಂತ ನೋಡುತ್ತಿದ್ದಾರೆ. ಅದರಲ್ಲಿ ಬರುವ ಅಡುಗೆಮನೆಯ ನೆಲ ಅಲ್ಲಾಡುವುದಿಲ್ಲ ಅಂತ ನಾನಿನ್ನೂ ಹೇಳಿಲ್ಲ. ನೀವೂ ಹೇಳಬೇಡಿ.